ಗಾಜಿನ ಬಾಗಿಲಿನ ಈಚೆ ನಿಂತವರು

ರಾತ್ರಿ ಹನ್ನೆರಡೂವರೆಯ ಹೊತ್ತಿಗೆ ದೇವನಹಳ್ಳಿ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ ಮುಂದೆ ಹೋಗಿ ನಿಂತರೆ, ವಿಮಾನ ಹತ್ತುವವರಿಗಿಂತ ಹತ್ತದವರೇ ಹೆಚ್ಚು ಕಾಣುತ್ತಾರೆ. ಎಂ.ಎಸ್. ಓದಲು ಜರ್ಮನಿಗೆ ಹೊರಟವನು ಒಬ್ಬನೇ ಹುಡುಗ. ಅವನ ಬೆನ್ನಿಗೆ ಅಪ್ಪ, ಅಮ್ಮ, ಅಜ್ಜಿ, ಸೋದರಮಾವ, ಚಿಕ್ಕಮ್ಮನ ಇಬ್ಬರು ಮಕ್ಕಳು, ಮತ್ತೆ ‘ಹೇಗೂ ಗಾಡಿಯಲ್ಲಿ ಜಾಗ ಇದೆಯಲ್ಲ’ ಎಂದು ಹತ್ತಿ ಬಂದ ಪಕ್ಕದ ಮನೆಯವರು. ಅಜ್ಜಿ ಸ್ವೆಟರ್ ಮೇಲೆ ಶಾಲು ಹೊದ್ದಿದ್ದಾರೆ. ಮಾವ ಯಾರೂ ಕೇಳದಿದ್ದರೂ ಟ್ರಾಲಿಯ ಮೇಲೆ ಸೂಟ್‌ಕೇಸುಗಳನ್ನು ಮೂರನೇ ಸಲ ಜೋಡಿಸುತ್ತಿದ್ದಾರೆ. ಅಪ್ಪ ಮಾತ್ರ ಸ್ವಲ್ಪ ದೂರ ನಿಂತು ಪಾರ್ಕಿಂಗ್ ಚೀಟಿಯನ್ನು ತಿರುಗಿಸಿ ಮುರುಗಿಸಿ ಓದುತ್ತಿದ್ದಾರೆ. ಅದರಲ್ಲಿ ಅಷ್ಟು ಹೊತ್ತು ಓದುವಂಥದ್ದೇನೂ ಇರುವುದಿಲ್ಲ.

ಬೀಳ್ಕೊಡುವುದು ಭಾವುಕರ ಕೆಲಸ, ಸಿನಿಮಾದವರ ಸರಕು ಎಂಬ ಮಾತಿದೆ. ನನಗೆ ಹಾಗನ್ನಿಸುವುದಿಲ್ಲ. ಅದು ನಿಜವಾಗಿಯೂ ಒಂದು ಕೆಲಸ. ಅದಕ್ಕೆ ತಯಾರಿ ಬೇಕು, ಆಳುಗಳು ಬೇಕು, ರಾತ್ರಿಯೆಲ್ಲ ಎಚ್ಚರ ಇರುವವರು ಬೇಕು. ಆದರೆ ವಿಮಾನ ನಿಲ್ದಾಣ ಕಟ್ಟುವವರ ನಕ್ಷೆಯಲ್ಲಿ ಈ ಕೆಲಸಕ್ಕೆ ಜಾಗವೇ ಇಲ್ಲ. ಅವರ ಲೆಕ್ಕದಲ್ಲಿ ಪ್ರಯಾಣಿಕ ಉಂಟು, ವಾಹನ ಉಂಟು. ಬೀಳ್ಕೊಡಲು ಬಂದವನು ಸಂಚಾರಕ್ಕೆ ಅಡ್ಡಿ, ಅಷ್ಟೆ.

ಕೆಲಸ ಶುರುವಾಗುವುದು ಮನೆಯಲ್ಲಿ, ತೂಕದ ಯಂತ್ರದಿಂದ. ಅಮೆರಿಕದ ಕಡೆ ಹೋಗುವವರಿಗೆ ಬಹುತೇಕ ವಿಮಾನ ಕಂಪನಿಗಳು ತಲಾ 23 ಕಿಲೋದ ಎರಡು ಸೂಟ್‌ಕೇಸ್ ಕೊಡುತ್ತವೆ. ಕೈಯಲ್ಲಿ ಹಿಡಿಯುವ ಚೀಲಕ್ಕೆ ಏಳೆಂಟು ಕಿಲೋ. ಕೇಳಲು ಬೇಕಾದಷ್ಟಾಯಿತು. ಆದರೆ ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ಮೆಂತ್ಯದ ಹಿಟ್ಟು, ಹಪ್ಪಳ, ಸಂಡಿಗೆ, ನಿಪ್ಪಟ್ಟು, ಒಂದು ಪುಟ್ಟ ಕುಕ್ಕರ್, ಇಡ್ಲಿ ತಟ್ಟೆ ಸೇರಿದ ಮೇಲೆ ಬಟ್ಟೆಗೆ ಉಳಿಯುವುದು ಎಷ್ಟು? ಸೂಟ್‌ಕೇಸನ್ನು ಅಪ್ಪಿ ಹಿಡಿದು ಬಾತ್‌ರೂಮಿನ ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ತಮ್ಮ ತೂಕ ಕಳೆದು ಲೆಕ್ಕ ಹಾಕುವ ಅಪ್ಪಂದಿರನ್ನು ನೀವೂ ನೋಡಿರುತ್ತೀರಿ. ಉಪ್ಪಿನಕಾಯಿ ಬಾಟಲಿಗೆ ಮೊದಲು ಟೇಪು, ಅದರ ಮೇಲೆ ಎರಡು ಪ್ಲಾಸ್ಟಿಕ್ ಕವರು, ಅದರ ಮೇಲೆ ಹಳೆಯ ಪಂಚೆ. ಇಷ್ಟೆಲ್ಲ ಆದ ಮೇಲೂ ಎಣ್ಣೆ ತನ್ನ ದಾರಿ ಹುಡುಕಿಕೊಳ್ಳುತ್ತದೆ. ಮ್ಯೂನಿಕ್‌ನಲ್ಲಿ ಪೆಟ್ಟಿಗೆ ತೆರೆದವನ ಹೊಸ ಶರ್ಟಿನ ಮೇಲೆ ಮಾವಿನಕಾಯಿ ಮಿಡಿಯ ಕೆಂಪು ಕಲೆ.

ತಾಯಂದಿರಿಗೂ ಭದ್ರತಾ ನಿಯಮಗಳಿಗೂ ನಡುವೆ ಬಹಳ ಹಳೆಯ ಜಗಳವಿದೆ. ಕೊಬ್ಬರಿಯದನ್ನೇ ತೆಗೆದುಕೊಳ್ಳಿ. ತಿಪಟೂರಿನ ಕಡೆಯ ಮನೆಗಳಲ್ಲಿ ಮಗ ಹೊರಟನೆಂದರೆ ಕೊಬ್ಬರಿ ಗಿಟುಕು ಹಾಕದೆ ಪೆಟ್ಟಿಗೆ ಮುಚ್ಚುವುದಿಲ್ಲ. ಎಣ್ಣೆ ಅಂಶ ಹೆಚ್ಚಿರುವ ಕೊಬ್ಬರಿ ತಾನಾಗಿಯೇ ಕಾವು ಏರಿ ಹೊತ್ತಿಕೊಳ್ಳಬಲ್ಲದು ಎಂದು ವಿಮಾನಯಾನದವರು ಅದನ್ನು ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಇಟ್ಟಿದ್ದಾರೆ. ‘ಅಡುಗೆಮನೇಲಿ ಇಷ್ಟು ವರ್ಷ ಒಲೆ ಪಕ್ಕದಲ್ಲೇ ಇಟ್ಟಿದೀನಿ, ಯಾವತ್ತು ಹೊತ್ಕೊಂಡಿತ್ತು?’ ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟ. ತುಪ್ಪವನ್ನು ಕೈಚೀಲದಲ್ಲಿ ಒಯ್ಯುವುದಾದರೆ ನೂರು ಮಿಲಿಲೀಟರ್ ಮೀರುವಂತಿಲ್ಲ. ಲಂಡನ್ನಿನಿಂದ ಹೊರಡುವ ವಿಮಾನಗಳನ್ನು ದ್ರವ ಸ್ಫೋಟಕದಿಂದ ಉಡಾಯಿಸುವ ಸಂಚು 2006ರಲ್ಲಿ ಬಯಲಾದ ಮೇಲೆ ಜಗತ್ತಿಗೆಲ್ಲ ಅಂಟಿಕೊಂಡ ನಿಯಮ ಅದು. ಹಸಿ ಕರಿಬೇವು, ಅಕ್ಕಿ ಇವೆರಡನ್ನೂ ಅಮೆರಿಕದ ಕಸ್ಟಮ್ಸಿನವರು ಬಿಡುವುದಿಲ್ಲ. ಕರಿಬೇವಿನ ಜೊತೆ ನಿಂಬೆ ಜಾತಿಯ ಮರಗಳ ರೋಗ ಬಂದೀತೆಂಬ ಭಯ, ಅಕ್ಕಿಯ ಜೊತೆ ಹುಳ ಬಂದೀತೆಂಬ ಭಯ. ಇದು ಗೊತ್ತಿದ್ದೂ ಸೀರೆಯ ಮಡಿಕೆಯೊಳಗೆ ನಾಲ್ಕು ಎಸಳು ಕರಿಬೇವು ಇಡುವ ತಾಯಿಗೆ ನಾನು ಬುದ್ಧಿ ಹೇಳಲು ಹೋಗುವುದಿಲ್ಲ. ಅಲ್ಲಿ ಸಿಕ್ಕಿಬಿದ್ದು ದಂಡ ಕಟ್ಟುವವನು ಮಗ ಎಂದು ನೆನಪಿಸಬಹುದು, ಅಷ್ಟೆ.

ಇನ್ನು ಹೊರಡುವ ಗಳಿಗೆ. ಹಿಂದಿನವರಲ್ಲಿ ಪ್ರಸ್ಥಾನ ಇಡುವ ಪದ್ಧತಿಯಿತ್ತು. ಹೊರಡುವ ಹೊತ್ತು ಚೆನ್ನಾಗಿಲ್ಲದಿದ್ದರೆ ಒಳ್ಳೆಯ ಮುಹೂರ್ತದಲ್ಲಿ ಒಂದು ಗಂಟನ್ನೋ ಚೀಲವನ್ನೋ ಮೊದಲೇ ಪಕ್ಕದವರ ಮನೆಗೆ ಕಳಿಸಿಬಿಡುವುದು. ಪ್ರಯಾಣ ಆಗಲೇ ಶುರುವಾದಂತೆ ಲೆಕ್ಕ. ಈಗಲೂ ಮಂಗಳವಾರ ಹೊರಡಬೇಕಾದಾಗ ಸೋಮವಾರ ಸಂಜೆಯೇ ಒಂದು ಸೂಟ್‌ಕೇಸು ಎದುರು ಫ್ಲಾಟಿನ ಬಾಗಿಲಲ್ಲಿ ಕೂತಿರುವುದನ್ನು ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಕಾಣಬಹುದು. ರಾಹುಕಾಲದ ತಂಟೆ ಮಾತ್ರ ಬಹುಮಟ್ಟಿಗೆ ತಪ್ಪಿದೆ. ಪಂಚಾಂಗದ ರಾಹುಕಾಲ ಹಗಲಿನದು, ದೂರದೇಶದ ವಿಮಾನಗಳು ಹೆಚ್ಚಾಗಿ ಹೊರಡುವುದು ನಡುರಾತ್ರಿಯ ಮೇಲೆ.

ಯಾಕೆ ಆ ಹೊತ್ತು? ಬೀಳ್ಕೊಡಲು ಹೋದವರೆಲ್ಲ ಆಕಳಿಸುತ್ತ ಕೇಳುವ ಪ್ರಶ್ನೆ ಇದು. ಬೆಂಗಳೂರಿನಿಂದ ಯೂರೋಪಿಗೆ ಸುಮಾರು ಹತ್ತು ತಾಸಿನ ದಾರಿ. ಗಡಿಯಾರವನ್ನು ಮೂರೂವರೆಯೋ ನಾಲ್ಕೂವರೆಯೋ ತಾಸು ಹಿಂದಕ್ಕೆ ತಿರುಗಿಸಬೇಕು. ಇಲ್ಲಿ ಬೆಳಗಿನ ಜಾವ ಎರಡು ಮೂರಕ್ಕೆ ಹೊರಟರೆ ಅಲ್ಲಿ ಬೆಳಿಗ್ಗೆ ಇಳಿಯಬಹುದು, ಮಧ್ಯಾಹ್ನದ ಹೊತ್ತಿಗೆ ಅಮೆರಿಕಕ್ಕೆ ಹೊರಡುವ ವಿಮಾನ ಹಿಡಿಯಬಹುದು. ಫ್ರಾಂಕ್‌ಫರ್ಟ್‌ನಲ್ಲಂತೂ ಊರಿನವರ ನಿದ್ದೆ ಕೆಡಬಾರದೆಂದು ರಾತ್ರಿ ಹನ್ನೊಂದರಿಂದ ಬೆಳಗಿನ ಐದರವರೆಗೆ ವಿಮಾನಗಳ ಏರಿಳಿತಕ್ಕೆ ನಿರ್ಬಂಧವಿದೆ. ಅವರು ನೆಮ್ಮದಿಯಾಗಿ ಮಲಗಲಿ ಎಂದು ನಮ್ಮ ಹೆಬ್ಬಾಳದ ಮೇಲ್ಸೇತುವೆಯಲ್ಲಿ ರಾತ್ರಿ ಹತ್ತು ಗಂಟೆಗೆ ಅಪ್ಪ, ಅಮ್ಮ, ಸೋದರಮಾವ ಎಲ್ಲ ಸಿಕ್ಕಿಹಾಕಿಕೊಂಡಿರುತ್ತಾರೆ. ಮೂರು ಗಂಟೆಯ ವಿಮಾನಕ್ಕೆ ಒಂಬತ್ತಕ್ಕೇ ಮನೆ ಬಿಡುವುದು ಬೆಂಗಳೂರಿನಲ್ಲಿ ಅತಿಜಾಗ್ರತೆ ಅಲ್ಲ. ದಾರಿಯುದ್ದಕ್ಕೂ ಅಮ್ಮನ ಪಟ್ಟಿ ನಡೆದೇ ಇರುತ್ತದೆ: ಪಾಸ್‌ಪೋರ್ಟ್, ಫೈಲು, ಚಾರ್ಜರ್, ಜೋಪಾನ ಕಣೋ. ಸಾದಹಳ್ಳಿ ಟೋಲ್ ದಾಟಿದ ಮೇಲೆ ಗಾಡಿಯೊಳಗೆ ಮಾತು ತಾನಾಗಿ ಕಡಿಮೆಯಾಗುತ್ತದೆ.

ಟರ್ಮಿನಲ್ ಮುಂದೆ ಕಾರು ನಿಲ್ಲಿಸಿ ಇಳಿದರೆ, ಮುಖ್ಯ ಕೆಲಸಕ್ಕೆ ಸಿಗುವುದು ಕೆಲವೇ ನಿಮಿಷ. ಸೀಟಿ ಊದುವವನು ಬಂದೇ ಬಿಡುತ್ತಾನೆ. ನ್ಯೂಜಿಲೆಂಡಿನ ಡನೀಡಿನ್ ಊರಿನ ವಿಮಾನ ನಿಲ್ದಾಣದಲ್ಲಿ 2024ರಲ್ಲಿ ಒಂದು ಫಲಕ ಹಾಕಿದರು. ಅಪ್ಪುಗೆಗೆ ಗರಿಷ್ಠ ಮೂರು ನಿಮಿಷ, ಅದಕ್ಕಿಂತ ಹೆಚ್ಚಿನ ಪ್ರೀತಿಯಿದ್ದರೆ ಪಾರ್ಕಿಂಗ್‌ಗೆ ಹೋಗಿ ಎಂಬ ಅರ್ಥದ ಫಲಕ. ಜಗತ್ತೆಲ್ಲ ಅದನ್ನು ನೋಡಿ ನಕ್ಕಿತು, ಕೆಲವರು ರೇಗಿದರು. ನನಗಂತೂ ಅದು ಉದಾರವೆನಿಸಿತು. ನಮ್ಮಲ್ಲಿ ಮೂರು ನಿಮಿಷ ಯಾರು ಕೊಡುತ್ತಾರೆ? ನಾವು ಕೂಡ ಅಪ್ಪಿಕೊಳ್ಳುವ ಜನವಲ್ಲ, ಅದು ಬೇರೆ ಮಾತು. ಕಾಲಿಗೆ ಬೀಳುವುದು, ತಲೆ ಸವರುವುದು, ಕೊನೆಗೆ ಅಪ್ಪ ಜೇಬಿನಿಂದ ಐನೂರರ ನೋಟು ತೆಗೆದು ‘ಇಟ್ಕೋ’ ಎನ್ನುವುದು. ವಿದೇಶಕ್ಕೆ ಹೊರಟವನಿಗೆ ಐನೂರು ರೂಪಾಯಿ ಏತಕ್ಕೆಂದು ಕೇಳುವ ಧೈರ್ಯ ಯಾವ ಮಗನಿಗೂ ಇಲ್ಲ.

ಹಿಂದೆ ಹೀಗಿರಲಿಲ್ಲ ಎನ್ನುವುದು ಹಳಬರ ಚಾಳಿ ಮಾತ್ರವಲ್ಲ, ನಿಜ ಕೂಡ. ದೇಶದ ಹಲವು ವಿಮಾನ ನಿಲ್ದಾಣಗಳಲ್ಲಿ ಸಂದರ್ಶಕರ ಟಿಕೆಟ್ ಸಿಗುತ್ತಿತ್ತು. ಒಳಗೆ ಹೋಗಿ ಕೌಂಟರಿನ ತನಕ ಜೊತೆಗಿರಬಹುದಿತ್ತು. ಬೆಂಗಳೂರಿನಿಂದ ನೇರವಾಗಿ ಹೊರದೇಶಕ್ಕೆ ವಿಮಾನಗಳು ವಿರಳವಾಗಿದ್ದ ಕಾಲದಲ್ಲಿ ಬೀಳ್ಕೊಡುವವರು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಮುಂಬಯಿಗೇ ಹೋಗುತ್ತಿದ್ದರು, ಅಲ್ಲಿ ನೆಂಟರ ಮನೆಯಲ್ಲಿ ಎರಡು ದಿನ ಇದ್ದು ಸಹಾರ್ ವಿಮಾನ ನಿಲ್ದಾಣಕ್ಕೆ ಹೋಗಿ ಕಳಿಸಿ ಬರುತ್ತಿದ್ದರು. 1999ರ ಡಿಸೆಂಬರಿನಲ್ಲಿ ಇಂಡಿಯನ್ ಏರ್‌ಲೈನ್ಸ್ ವಿಮಾನವನ್ನು ಕಂದಹಾರಕ್ಕೆ ಅಪಹರಿಸಿದ ಮೇಲೆ ಎಲ್ಲ ಬದಲಾಯಿತು. ಮರುವರ್ಷದಿಂದ ಒಂದೊಂದೇ ನಿಲ್ದಾಣದ ಕಾವಲು ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯ ಕೈಗೆ ಬಂತು. ಬೆಂಗಳೂರಿನ ಪ್ರಯಾಣಿಕ ವಿಮಾನಗಳು 2008ರ ಮೇ ತಿಂಗಳಲ್ಲಿ ಎಚ್‌.ಎ.ಎಲ್ ಬಿಟ್ಟು ದೇವನಹಳ್ಳಿಗೆ ಹೋದವು. ಟಿಪ್ಪು ಹುಟ್ಟಿದ ಊರು, ಚಕ್ಕೋತಕ್ಕೆ ಹೆಸರಾದ ಊರು ಎಂದು ಗೊತ್ತಿದ್ದ ದೇವನಹಳ್ಳಿ ಆಗಿನಿಂದ ಕಣ್ಣೀರಿಗೂ ಹೆಸರಾಯಿತು.

ಬೇರೆ ದೇಶಗಳಲ್ಲಿ ಬಹುಪಾಲು ಟರ್ಮಿನಲ್ಲುಗಳ ಹೊರಬಾಗಿಲು ಎಲ್ಲರಿಗೂ ತೆರೆದಿರುತ್ತದೆ, ತಪಾಸಣೆ ಒಳಗೆಲ್ಲೋ ಮುಂದೆ. ಸಿಂಗಪುರದ ಚಾಂಗಿಯಲ್ಲಿ ಊರಿನ ಜನ ಊಟಕ್ಕೆಂದು ವಿಮಾನ ನಿಲ್ದಾಣಕ್ಕೆ ಹೋಗುವುದುಂಟು. ಅಮೆರಿಕದಲ್ಲಿ 2001ರ ಸೆಪ್ಟೆಂಬರ್ ದಾಳಿಗೆ ಮೊದಲು ಟಿಕೆಟ್ ಇಲ್ಲದವರೂ ವಿಮಾನದ ಗೇಟಿನವರೆಗೆ ಹೋಗಬಹುದಿತ್ತು. ಆಮೇಲೆ ಬಾಗಿಲು ಮುಚ್ಚಿತು. ಆದರೆ ಪಿಟ್ಸ್‌ಬರ್ಗ್‌ನವರು 2017ರಲ್ಲಿ ಸಂದರ್ಶಕರಿಗೆ ಮತ್ತೆ ಪಾಸು ಕೊಡಲು ಶುರುಮಾಡಿದರು. ಗುರುತಿನ ಚೀಟಿ ತೋರಿಸಬೇಕು, ಪ್ರಯಾಣಿಕರಂತೆಯೇ ತಪಾಸಣೆಗೆ ನಿಲ್ಲಬೇಕು, ಅಷ್ಟೆ. ಅದನ್ನು ನೋಡಿ ಬೇರೆ ಊರುಗಳೂ ಅನುಸರಿಸಿದವು. ನಮ್ಮಲ್ಲಿ ಕಾವಲು ಹೊಸ್ತಿಲಲ್ಲೇ. ಟಿಕೆಟ್ ಮತ್ತು ಗುರುತಿನ ಚೀಟಿ ತೋರಿಸದೆ ಕಾಲಿಡುವಂತಿಲ್ಲ. 2022ರ ಡಿಸೆಂಬರಿನಲ್ಲಿ ಬಂದ ಡಿಜಿಯಾತ್ರಾದಿಂದ ಈಗ ದೇಶದೊಳಗಿನ ಪ್ರಯಾಣಕ್ಕೆ ಮುಖವೇ ಟಿಕೆಟ್. ಅಮ್ಮನ ಮುಖ ಮಾತ್ರ ಆ ಕ್ಯಾಮೆರಾಕ್ಕೆ ಗೊತ್ತಿಲ್ಲ.

ಈ ಹೊಸ್ತಿಲು ದಾಟಲು ಜನ ಮಾಡುವ ಸಾಹಸ ಒಂದೆರಡಲ್ಲ. ರದ್ದು ಮಾಡಿದ ಟಿಕೆಟಿನ ಪ್ರಿಂಟ್ ಹಿಡಿದೋ, ಬೇರೆಯವರ ಟಿಕೆಟಿನಲ್ಲಿ ಹೆಸರು ತಿದ್ದಿಯೋ ಒಳಗೆ ಹೋದವರ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಹೆಂಡತಿಯನ್ನು ಕೌಂಟರಿನ ತನಕ ಬಿಟ್ಟು ಬರುತ್ತೇನೆಂದು ಹೋದವನು ಹೊರಬರುವ ಬಾಗಿಲಲ್ಲಿ ಸಿಕ್ಕಿಬೀಳುತ್ತಾನೆ. ಒಳಗೆ ಹೋದವರು ಹಾಗೇ ಹೊರಗೆ ಬರುವಂತಿಲ್ಲ, ವಿಮಾನ ಕಂಪನಿಯವರು ಜೊತೆಗೆ ಬಂದು ಕಾರಣ ಹೇಳಬೇಕು ಎಂಬುದು ಇಂಥವರಿಗೆ ಗೊತ್ತಿರುವುದಿಲ್ಲ. ಮುಂದಿನದು ಪೊಲೀಸ್ ಠಾಣೆ. ಸುಳ್ಳು ಟಿಕೆಟ್ ತೋರಿಸಿದ್ದು ತಪ್ಪೇ, ಅದನ್ನು ಸಮರ್ಥಿಸುತ್ತಿಲ್ಲ. ಆದರೆ ನೂರು ರೂಪಾಯಿಯ ಒಂದು ಚೀಟಿ ಇದ್ದಿದ್ದರೆ ಆ ಮನುಷ್ಯ ಜೈಲು ನೋಡಬೇಕಿರಲಿಲ್ಲ.

ಹೊರಗೆ ನಿಂತವರಿಗೆ ಅಲ್ಲೇನು ಕೆಲಸ ಎಂದು ಕೇಳುವವರು ಒಂದು ರಾತ್ರಿ ಅಲ್ಲಿ ನಿಲ್ಲಬೇಕು. ಅರಸೀಕೆರೆ ಕಡೆಯ ಒಂದು ಕುಟುಂಬ ಹೀಗೆ ನಿಂತಿತ್ತು. ಮಗ ಒಳಗೆ ಹೋಗಿ ಅರ್ಧ ಗಂಟೆಯಾಗಿರಬೇಕು, ಅಪ್ಪನ ಫೋನು ಬಡಿದುಕೊಂಡಿತು. ನಾಲ್ಕು ಕಿಲೋ ಹೆಚ್ಚಾಗಿದೆ, ದುಡ್ಡು ಕಟ್ಟಬೇಕಂತೆ. ಸ್ವಲ್ಪ ಹೊತ್ತಿಗೆ ಮಗ ಗಾಜಿನ ಆಚೆ ಕಾಣಿಸಿಕೊಂಡ. ಗೇಟಿನ ಸಿಬ್ಬಂದಿಯನ್ನು ಒಪ್ಪಿಸಿ ಒಂದೊಂದೇ ಸಾಮಾನು ಈಚೆ ದಾಟಿಸತೊಡಗಿದ. ಮೊದಲು ಬಂದದ್ದು ಎರಡು ದಪ್ಪ ಪುಸ್ತಕ. ಆಮೇಲೆ ಜೀನ್ಸ್ ಪ್ಯಾಂಟು. ಆಮೇಲೆ ಸ್ಟೀಲ್ ಡಬ್ಬ.

‘ಅದು ಯಾಕೋ ಕೊಟ್ಟೆ? ಪ್ಯಾಂಟು ಇನ್ನೊಂದು ಕೊಡು, ಅದನ್ನ ಒಳಗೆ ಇಟ್ಕೋ’ ಎಂದರು ತಾಯಿ.

‘ಅಮ್ಮಾ, ಅಲ್ಲಿ ಚಳಿ ಕಣಮ್ಮ, ಪ್ಯಾಂಟು ಬೇಕು.’

‘ಚಳಿಗೆ ಚಟ್ನಿಪುಡಿ ಬೇಡ್ವಾ?’

ಗೇಟಿನಲ್ಲಿದ್ದ ಜವಾನ ಉತ್ತರದವನು, ಕನ್ನಡ ಬಾರದವನು. ಆದರೂ ಏನು ನಡೆಯುತ್ತಿದೆ ಎಂಬುದು ಅವನಿಗೆ ಪೂರ್ತಿ ಗೊತ್ತಾದಂತಿತ್ತು. ಮುಖ ತಿರುಗಿಸಿ ನಿಂತ. ಡಬ್ಬ ವಾಪಸು ಒಳಗೆ ಹೋಯಿತು, ಬದಲಿಗೆ ಕ್ರಿಕೆಟ್ ಶೂ ಹೊರಗೆ ಬಂತು. ಕುಟುಂಬ ಅಲ್ಲಿ ನಿಂತಿರದಿದ್ದರೆ ಅಷ್ಟೂ ಸಾಮಾನು ಕಸದ ಡಬ್ಬಿಗೆ ಹೋಗುತ್ತಿತ್ತು.

ಕರಾವಳಿಯವರಿಗೆ ಕಾಯುವುದರ ಅರ್ಥ ಇನ್ನೂ ಗಟ್ಟಿ. ಮಂಗಳೂರಿನ ಬಜ್ಪೆಯಿಂದ ದುಬೈಗೆ ನೇರ ವಿಮಾನ ಶುರುವಾದದ್ದು 2006ರಲ್ಲಿ. ಅದಕ್ಕೆ ಮೊದಲು ಗಲ್ಫಿಗೆ ಹೋಗುವವರು ರಾತ್ರಿ ಬಸ್ಸಿನಲ್ಲಿ ಮುಂಬಯಿ ಸೇರಿ ಅಲ್ಲಿಂದ ಹಾರಬೇಕಿತ್ತು. ಬೀಳ್ಕೊಡುಗೆ ಎಲ್ಲ ಬಸ್ ನಿಲ್ದಾಣದಲ್ಲೇ ಮುಗಿಯುತ್ತಿತ್ತು. ಈಗ ನಿಲ್ದಾಣವಿರುವ ಕೆಂಜಾರಿನ ಗುಡ್ಡದ ಮೇಲೆ ಓಮ್ನಿ, ಜೀಪುಗಳಲ್ಲಿ ಮನೆಮಂದಿಯೆಲ್ಲ ಬರುತ್ತಾರೆ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ವಲಸೆ ಅನುಮತಿ ಬೇಕೆಂಬ ಷರತ್ತು ಇರುತ್ತದೆ. 1983ರ ವಲಸೆ ಕಾಯ್ದೆಯ ಪ್ರಕಾರ ಗಲ್ಫ್ ಸೇರಿ ಹದಿನೆಂಟು ದೇಶಗಳಿಗೆ ದುಡಿಯಲು ಹೋಗುವಾಗ ಆ ಅನುಮತಿ ಕಡ್ಡಾಯ. ಕಾಗದದಲ್ಲಿ ಏನಾದರೂ ಕೊರತೆ ಕಂಡರೆ ಇಮಿಗ್ರೇಷನ್ ಅಧಿಕಾರಿ ವಾಪಸು ಕಳಿಸುತ್ತಾರೆ. ‘ಆಫ್‌ಲೋಡ್ ಮಾಡಿದ್ರು’ ಎನ್ನುವುದು ಅಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಸಾಲ ಮಾಡಿ ವೀಸಾ ಕೊಂಡವನು ಹಾಗೆ ಹೊರಗೆ ಬಂದಾಗ ಗಾಡಿ ಹೊರಟುಹೋಗಿರಬಾರದು. ಹಾಗಾಗಿ ‘ಇಮಿಗ್ರೇಷನ್ ಆಯ್ತು’ ಎಂಬ ಕರೆ ಬರುವ ತನಕ ಯಾರೂ ಕದಲುವುದಿಲ್ಲ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಇದೇ ಗುಡ್ಡದ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಮಂದಿ ಸತ್ತರು. ಅಂದು ಕರೆದೊಯ್ಯಲು ಬಂದು ಕಾದಿದ್ದವರ ಮನೆಗಳಲ್ಲಿ ಈಗಲೂ, ಹೋದವರು ಇಳಿದೆವು ಎಂದು ಹೇಳುವವರೆಗೆ ಯಾರೂ ಮಲಗುವುದಿಲ್ಲ ಎಂದರೆ ಅದನ್ನು ಹೆದರಿಕೆ ಎಂದು ಕರೆಯಬಾರದು.

ಬೆಂಗಳೂರಿನಲ್ಲಿ ಈಚೆಗೆ ಬೀಳ್ಕೊಡುಗೆ ತಿರುವುಮುರುವಾಗಿದೆ. ಮಕ್ಕಳು ನಿಂತು ತಂದೆತಾಯಿಯನ್ನು ಕಳಿಸುವುದೇ ಹೆಚ್ಚುತ್ತಿದೆ. ಮಗಳ ಬಾಣಂತನಕ್ಕೆಂದು ಆರು ತಿಂಗಳು ಡಲ್ಲಾಸಿಗೋ ನ್ಯೂಜೆರ್ಸಿಗೋ ಹೊರಟ ಅಜ್ಜ ಅಜ್ಜಿಯರು. ಅವರಲ್ಲಿ ಎಷ್ಟೋ ಮಂದಿ ಗಾಲಿಕುರ್ಚಿ ಕೇಳಿರುತ್ತಾರೆ. ಕಾಲು ಚೆನ್ನಾಗಿಯೇ ಇರುತ್ತದೆ, ಬೆಳಿಗ್ಗೆ ಲಾಲ್‌ಬಾಗ್ ಸುತ್ತುವ ಕಾಲು ಅದು. ಗಾಲಿಕುರ್ಚಿ ಜೊತೆ ಒಬ್ಬ ಮನುಷ್ಯ ಬರುತ್ತಾನೆ, ಅವನು ಕೌಂಟರು, ಇಮಿಗ್ರೇಷನ್ನು, ತಪಾಸಣೆ ಎಲ್ಲ ದಾಟಿಸಿ ವಿಮಾನದ ಬಾಗಿಲಿಗೆ ಬಿಡುತ್ತಾನೆ, ಅದಕ್ಕಾಗಿ ಕುರ್ಚಿ. ಇಂಗ್ಲಿಷ್ ಬಾರದ ತಾಯಿಗೆ ದಾರಿ ತೋರಿಸಲು ಮಗನನ್ನು ಒಳಗೆ ಬಿಡುವಂತಿಲ್ಲ ಎಂದಾದಾಗ ಜನ ಕಂಡುಕೊಂಡ ಉಪಾಯ ಇದು. ಇದರಿಂದ ನಿಜವಾಗಿ ನಡೆಯಲಾರದವರಿಗೆ ಕುರ್ಚಿ ಸಿಗದೆ ತೊಂದರೆಯಾಗುತ್ತಿದೆ ಎಂಬ ದೂರು ಇದೆ, ದೂರಿನಲ್ಲಿ ಹುರುಳೂ ಇದೆ. ಆದರೆ ಮೊದಲ ಸಲ ವಿಮಾನ ಹತ್ತುವ ಅರವತ್ತೈದರ ಹೆಂಗಸನ್ನು ಗಾಜಿನ ಬಾಗಿಲಲ್ಲಿ ಒಂಟಿಯಾಗಿ ಬಿಟ್ಟವರು ಯಾರು?

ಎರಡನೇ ಟರ್ಮಿನಲ್ಲಿನ ಒಳಗೆ ಬಿದಿರಿದೆ, ಸೂರಿನಿಂದ ತೂಗುವ ಗಿಡಗಳಿವೆ, ನೀರಿನ ಝರಿಯಿದೆ. 2022ರ ನವೆಂಬರಿನಲ್ಲಿ ಉದ್ಘಾಟನೆಯಾದಾಗಿನಿಂದ ಅದರ ಅಂದವನ್ನು ಹೊಗಳದವರಿಲ್ಲ. ಕಳಿಸಲು ಬಂದವರು ಅದನ್ನು ನೋಡುವುದು ಮಕ್ಕಳು ಒಳಗಿನಿಂದ ವಾಟ್ಸ್ಆ್ಯಪಿನಲ್ಲಿ ಕಳಿಸಿದ ಫೋಟೊದಲ್ಲಿ.

ವಿಮಾನ ಏರಿದ್ದನ್ನು ಕಣ್ಣಾರೆ ಕಾಣುವ ಭಾಗ್ಯ ಈಗ ಸಣ್ಣ ಊರುಗಳದು. ಶಿವಮೊಗ್ಗದಲ್ಲಿ 2023ರಲ್ಲಿ ವಿಮಾನಗಳು ಶುರುವಾದಾಗ ಸುತ್ತಲ ಹಳ್ಳಿಯವರು ಬೇಲಿಯ ಪಕ್ಕ ನಿಂತು ನೋಡುತ್ತಿದ್ದರು. ದೊಡ್ಡ ನಿಲ್ದಾಣದಲ್ಲಿ ಆಕಾಶವನ್ನೂ ಫೋನಿನಲ್ಲೇ ನೋಡಬೇಕು. ಫ್ಲೈಟ್‌ರಾಡಾರ್ ಎಂಬ ಆ್ಯಪ್ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ತಾಯಂದಿರು ಭೂಗೋಳ ಕಲಿತಿದ್ದಾರೆ. ಹಳದಿ ಬಣ್ಣದ ಪುಟ್ಟ ವಿಮಾನ ಅರಬ್ಬಿ ಸಮುದ್ರ ದಾಟಿತೇ, ಇರಾನಿನ ಮೇಲೆ ಹೋಗುತ್ತಿದೆಯೇ, ಕಪ್ಪು ಸಮುದ್ರ ಬಂತೇ ಎಂದು ಒಗ್ಗರಣೆ ಹಾಕುತ್ತಲೇ ನೋಡುತ್ತಾರೆ. ಪಾಕಿಸ್ತಾನ 2025ರ ಏಪ್ರಿಲ್‌ನಲ್ಲಿ ಭಾರತದ ಕಂಪನಿಗಳ ವಿಮಾನಗಳಿಗೆ ತನ್ನ ವಾಯುಪ್ರದೇಶ ಮುಚ್ಚಿದಾಗ, ಏರ್ ಇಂಡಿಯಾ ಬಳಸುದಾರಿ ಹಿಡಿದದ್ದನ್ನು ಗಂಡಸರಿಗಿಂತ ಮೊದಲು ಪತ್ತೆಹಚ್ಚಿದವರು ಇವರೇ ಇರಬೇಕು.

ನಿಲ್ದಾಣಗಳನ್ನು ನಡೆಸುವವರಲ್ಲಿ, ಭದ್ರತೆಯ ಹೊಣೆ ಹೊತ್ತವರಲ್ಲಿ ಕೇಳುವುದು ದೊಡ್ಡದೇನಲ್ಲ. ಅರವತ್ತು ದಾಟಿದ ಅಥವಾ ಮೊದಲ ಸಲ ಹೊರದೇಶಕ್ಕೆ ಹೊರಟ ಪ್ರತಿಯೊಬ್ಬ ಪ್ರಯಾಣಿಕರ ಜೊತೆ ಒಬ್ಬರಿಗೆ, ಆಧಾರ್ ನೋಡಿ, ಶುಲ್ಕ ಪಡೆದು, ತಪಾಸಣೆ ಮಾಡಿ, ಚೆಕ್‌-ಇನ್ ಕೌಂಟರಿನ ತನಕ ಪಾಸು ಕೊಡಿ. ಸ್ವಾತಂತ್ರ್ಯೋತ್ಸವ, ಗಣರಾಜ್ಯೋತ್ಸವದ ಆಸುಪಾಸಿನಲ್ಲಿ ಬೇಕಾದರೆ ನಿಲ್ಲಿಸಿ, ಯಾರೂ ಬೇಸರಪಡುವುದಿಲ್ಲ. ಹೊರಗೆ ಉಳಿದವರಿಗೆ ರಾತ್ರಿಯ ಚಳಿಗೆ ಮರೆಯಾದ ಜಾಗದಲ್ಲಿ ಸಾಕಷ್ಟು ಬೆಂಚು, ಕೈಗೆಟಕುವ ಬೆಲೆಯ ಕಾಫಿ, ಕನ್ನಡದಲ್ಲಿ ವಿಮಾನಗಳ ಸ್ಥಿತಿ ತೋರಿಸುವ ಒಂದು ಪರದೆ ಇರಲಿ.

ಕಳಿಸಲು ಹೋಗುವವರಿಗೂ ಒಂದು ಮಾತು. ಕಾರಿನಲ್ಲಿ ಒಂದು ಖಾಲಿ ಬ್ಯಾಗು ಇರಲಿ, ಫೋನಿನಲ್ಲಿ ಚಾರ್ಜು ಇರಲಿ. ಹೋದವರು ಸೆಕ್ಯೂರಿಟಿ ದಾಟಿ ಫೋನು ಮಾಡುವ ತನಕ ಪಾರ್ಕಿಂಗ್ ಬಿಟ್ಟು ಹೊರಡಬೇಡಿ.